ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಪ್ರಾಥಮಿಕ ಶಿಕ್ಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಹಳ್ಳಿ ಹಾಗೂ ತಾಂಡಾಗಳಲ್ಲಿ ಹುಡುಗಿಯರು ಪ್ರಾಥಮಿಕ ಹಂತ ಮುಗಿಸುವ ಮೊದಲೇ ಶಾಲೆಯಿಂದ ಏಕೆ ದೂರವಾಗುತ್ತಾರೆ, ಕಾನೂನು ಏನು ಹೇಳುತ್ತದೆ, ಊರಿನವರು ಏನು ಮಾಡಬಹುದು ಎಂದು ಪೋಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಮತ್ತು ಸ್ವಯಂಸೇವಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ನಮ್ಮೂರಿನ ಎಲ್ಲ ಹುಡುಗಿಯರ ಹೆಸರೂ ಶಾಲೆಯಲ್ಲಿದೆ. ಹಾಗಿದ್ದ ಮೇಲೆ ಅಡ್ಡಿ ಎಲ್ಲಿದೆ?

ಹೆಸರು ಶಾಲೆಯಲ್ಲಿದೆ, ಹುಡುಗಿ ಎಷ್ಟು ದಿನ ಶಾಲೆಯಲ್ಲಿದ್ದಾಳೆ ಎಂಬುದನ್ನು ನೋಡಬೇಕು. ನಾಲ್ಕನೆಯ ಅಥವಾ ಐದನೆಯ ತರಗತಿಯ ಹಾಜರಿ ಪುಸ್ತಕವನ್ನು ತೆಗೆದು, ಒಬ್ಬ ಹುಡುಗಿಯ ಹೆಸರಿನ ಮುಂದಿನ ಸಾಲನ್ನು ಜೂನ್‌ನಿಂದ ಮಾರ್ಚ್‌ವರೆಗೆ ಬೆರಳಿಟ್ಟು ಓದಿದರೆ ಅವಳ ಮನೆಯ ಕಥೆಯೆಲ್ಲ ಅಲ್ಲಿ ಕಾಣುತ್ತದೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಜರಿ ಹೆಚ್ಚುಕಡಿಮೆ ಪೂರ್ತಿ ಇರುತ್ತದೆ. ಆಮೇಲೆ ವಾರಕ್ಕೊಂದು ಗೈರು ಕಾಣಿಸಿಕೊಳ್ಳುತ್ತದೆ, ಅದೂ ಪ್ರತಿ ವಾರ ಅದೇ ದಿನದಂದು. ಅದು ಊರ ಸಂತೆಯ ದಿನ, ತಾಯಿ ಸಂತೆಗೆ ಹೋದಾಗ ಮನೆ ಕಾಯಲು ಮಗಳು ಉಳಿದಿರುತ್ತಾಳೆ. ಕಳೆ ತೆಗೆಯುವ ಹೊತ್ತಿಗೆ ಗೈರು ಎರಡಾಗುತ್ತದೆ, ಮೂರಾಗುತ್ತದೆ. ದೀಪಾವಳಿ ಕಳೆದು ಹತ್ತಿ ಬಿಡಿಸುವ ಸುಗ್ಗಿ ಬಂದರೆ ಇಡೀ ವಾರಗಳೇ ಖಾಲಿಯಾಗುತ್ತವೆ. ಮಾರ್ಚ್‌ನಲ್ಲಿ ಅವಳು ಪರೀಕ್ಷೆಗೆ ಬರುತ್ತಾಳೆ, ಮುಂದಿನ ತರಗತಿಗೂ ಹೋಗುತ್ತಾಳೆ.

ಲೆಕ್ಕಪತ್ರದಲ್ಲಿ ಇವಳು ಶಾಲೆ ಬಿಟ್ಟವಳಲ್ಲ. ಆದರೆ ಹೀಗೆ ವರ್ಷ ವರ್ಷವೂ ದಿನಗಳನ್ನು ಕಳೆದುಕೊಂಡ ಹುಡುಗಿ ಐದನೆಯ ತರಗತಿಗೆ ಬರುವಷ್ಟರಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಲೂ ತಡವರಿಸುತ್ತಾಳೆ, ಎಲ್ಲರೆದುರು ಎದ್ದು ನಿಂತು ಓದಬೇಕಾದಾಗ ನಾಚುತ್ತಾಳೆ, ಕೊನೆಗೊಂದು ದಿನ ‘ಸಾಲಿಗೆ ನಾ ಒಲ್ಲೆ’ ಎಂದು ಅವಳೇ ಹೇಳಿಬಿಡುತ್ತಾಳೆ. ಸಮೀಕ್ಷೆಗೆ ಬಂದವರು ‘ಮಗುವಿಗೆ ಆಸಕ್ತಿಯಿಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ಆ ಒಂದು ಮಾತಿನಲ್ಲಿ ನಾಲ್ಕು ವರ್ಷಗಳ ಸಂತೆ, ಕಳೆ, ಹತ್ತಿ ಎಲ್ಲವೂ ಮರೆಯಾಗುತ್ತವೆ. ಈ ಪುಟದ ಉಳಿದ ಉತ್ತರಗಳನ್ನೆಲ್ಲ ಇದೇ ದೃಷ್ಟಿಯಿಂದ ಬರೆಯಲಾಗಿದೆ: ಹುಡುಗಿ ಶಾಲೆಯನ್ನು ಬಿಡುವುದು ಒಂದು ದಿನದಲ್ಲಿ ಅಲ್ಲ, ಆದ್ದರಿಂದ ಅವಳು ಕಳೆದುಕೊಳ್ಳುವ ಒಂದೊಂದು ದಿನವನ್ನೂ ನಾವು ಲೆಕ್ಕ ಇಡಬೇಕು.

ಪ್ರಾಥಮಿಕ ಶಿಕ್ಷಣ ಎಂದರೆ ಎಷ್ಟನೆಯ ತರಗತಿಯವರೆಗೆ?

ನಮ್ಮಲ್ಲಿ 1ರಿಂದ 5 ಕಿರಿಯ ಪ್ರಾಥಮಿಕ, 6 ಮತ್ತು 7 ಹಿರಿಯ ಪ್ರಾಥಮಿಕ. ಹಲವು ಶಾಲೆಗಳಲ್ಲಿ 8ನೆಯ ತರಗತಿಯೂ ಇದಕ್ಕೆ ಸೇರಿದೆ. ಸಂವಿಧಾನದ 21ಎ ವಿಧಿ ಮತ್ತು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿವೆ. ಹುಡುಗಿಯರ ವಿಷಯದಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಅವರು ದೊಡ್ಡವರಾಗುವುದು, ಅಂದರೆ ಮೈನೆರೆಯುವುದು, ಬಹುತೇಕ ಈ ಹಿರಿಯ ಪ್ರಾಥಮಿಕ ಹಂತದಲ್ಲಿಯೇ. ಹೀಗಾಗಿ ಪ್ರೌಢಶಾಲೆಯ ಸಮಸ್ಯೆಗಳೆಂದು ನಾವು ಅಂದುಕೊಳ್ಳುವ ಹಲವು ಅಡ್ಡಿಗಳು ಆರನೆಯ ತರಗತಿಯಲ್ಲಿಯೇ ಎದುರಾಗುತ್ತವೆ.

ಕಲ್ಯಾಣ ಕರ್ನಾಟಕದ ಬಗ್ಗೆಯೇ ಏಕೆ ಇಷ್ಟು ಮಾತು?

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಮಹಿಳೆಯರ ಸಾಕ್ಷರತೆ ಶೇ 68ರಷ್ಟಿತ್ತು. ಅದೇ ಗಣತಿಯಲ್ಲಿ ರಾಯಚೂರು ಜಿಲ್ಲೆಯ ಮಹಿಳೆಯರ ಸಾಕ್ಷರತೆ ಶೇ 49ರ ಆಸುಪಾಸಿನಲ್ಲಿತ್ತು, ಯಾದಗಿರಿಯಲ್ಲಿ ಅದು ಶೇ 41ರಷ್ಟು ಮಾತ್ರ. ಯಾದಗಿರಿಯ ಗಂಡಸರಲ್ಲಿ ಶೇ 62ರಷ್ಟು ಮಂದಿ ಓದುಬರಹ ಬಲ್ಲವರಾಗಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಬಡತನವೊಂದೇ ಇದಕ್ಕೆ ಕಾರಣವಲ್ಲ, ಅದೇ ಬಡ ಮನೆಯೊಳಗೆ ಹೆಣ್ಣಿಗೆ ಸಿಕ್ಕಿದ್ದು ಇನ್ನೂ ಕಡಿಮೆ ಎಂಬುದು ತಿಳಿಯುತ್ತದೆ. ಇಂದು ಶಾಲೆಗೆ ಬರುತ್ತಿರುವ ಮಕ್ಕಳ ತಾಯಂದಿರಲ್ಲಿ ಬಹಳಷ್ಟು ಮಂದಿ ಆ ಗಣತಿಯ ಹೊತ್ತಿಗೆ ಸ್ವತಃ ಶಾಲೆಯ ವಯಸ್ಸಿನಲ್ಲಿದ್ದ, ಇಲ್ಲವೇ ಅದನ್ನು ಆಗಷ್ಟೇ ದಾಟಿದ್ದ ಹುಡುಗಿಯರು.

ಇದರ ಹಿಂದೆ ಹಳೆಯ ಇತಿಹಾಸವಿದೆ. ಬಳ್ಳಾರಿ ಭಾಗ ಮದ್ರಾಸ್ ಪ್ರಾಂತ್ಯದಲ್ಲಿದ್ದರೆ, ಉಳಿದ ಜಿಲ್ಲೆಗಳು 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದುವಾಗಿತ್ತು, ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ವಿರಳವಾಗಿದ್ದವು, ಹೆಣ್ಣುಮಕ್ಕಳಿಗಂತೂ ಅವು ಇಲ್ಲವೆನ್ನುವಷ್ಟು ಕಡಿಮೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಈ ಭಾಗದ ಪಾಲು ಬಹಳ ದೊಡ್ಡದಿತ್ತು. ಅಜ್ಜಿ ಓದಿಲ್ಲ, ತಾಯಿ ಓದಿಲ್ಲ ಎಂಬ ಮನೆಯಿಂದ ಬರುವ ಹುಡುಗಿಗೆ ಸಂಜೆ ಮನೆಯಲ್ಲಿ ಪುಸ್ತಕ ತೆರೆದು ಪಕ್ಕದಲ್ಲಿ ಕೂರುವವರಿರುವುದಿಲ್ಲ. ಶಾಲೆಯಲ್ಲಿ ಕಳೆದ ದಿನವನ್ನು ಮನೆಯಲ್ಲಿ ತುಂಬಿಕೊಳ್ಳುವ ದಾರಿ ಅವಳಿಗಿಲ್ಲ.

ಹಾಗಾದರೆ ತಂದೆತಾಯಿಗಳಿಗೆ ಮಗಳನ್ನು ಓದಿಸುವ ಮನಸ್ಸೇ ಇಲ್ಲವೇ?

ಈ ಮಾತನ್ನು ಕಚೇರಿಗಳಲ್ಲಿ, ಸಭೆಗಳಲ್ಲಿ ಬಹಳ ಸುಲಭವಾಗಿ ಆಡಲಾಗುತ್ತದೆ. ಅದನ್ನು ನಾವು ಒಪ್ಪುವುದಿಲ್ಲ. ‘ನಮ್ಮಂಗ ಅಕೀ ಹೊಲದಾಗ ಸಾಯಬಾರದು’ ಎಂದು ಹೇಳದ ತಾಯಿಯನ್ನು ಈ ಭಾಗದಲ್ಲಿ ಕಾಣುವುದೇ ಕಷ್ಟ. ಮನಸ್ಸಿದ್ದರೂ ಕೈ ಸಾಲದ ಮನೆಗಳು ಇವು. ದುಡಿಯುವ ಕೈಗಳು ಕಡಿಮೆಯಾದಾಗ ಯಾರನ್ನು ಮೊದಲು ಕರೆಯಬೇಕೆಂಬ ಪ್ರಶ್ನೆ ಬರುತ್ತದೆ, ಆಗ ಹೆಚ್ಚಿನ ಮನೆಗಳು ಯೋಚನೆಯನ್ನೂ ಮಾಡದೆ ಮಗಳನ್ನು ಕರೆಯುತ್ತವೆ. ಭೇದ ಇರುವುದು ಇಲ್ಲಿಯೇ, ಮತ್ತು ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಒಂದಿಷ್ಟು ಹಣ ಕೂಡಿದಾಗ ಮಗನನ್ನು ತಾಲ್ಲೂಕು ಕೇಂದ್ರದ ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸಿ, ಮಗಳನ್ನು ಊರಿನ ಸರ್ಕಾರಿ ಶಾಲೆಯಲ್ಲಿಯೇ ಉಳಿಸಿಕೊಳ್ಳುವುದೂ ಇದೇ ಲೆಕ್ಕಾಚಾರದ ಇನ್ನೊಂದು ರೂಪ. ಖಾಸಗಿ ಶಾಲೆಯ ಹುಡುಗ ಒಂದು ದಿನ ಗೈರಾದರೆ ಕಟ್ಟಿದ ಶುಲ್ಕ ವ್ಯರ್ಥವಾಯಿತೆಂದು ಸಂಕಟವಾಗುತ್ತದೆ. ಶುಲ್ಕವಿಲ್ಲದ ಶಾಲೆಯ ಹುಡುಗಿ ಗೈರಾದರೆ ಯಾರಿಗೂ ಏನೂ ಕಳೆದುಕೊಂಡಂತೆ ಅನಿಸುವುದಿಲ್ಲ.

ಮನೆಗೆಲಸ ಯಾವ ಊರಿನ ಹುಡುಗಿಗೆ ಇಲ್ಲ? ಅದನ್ನೊಂದು ಅಡ್ಡಿ ಎಂದು ಹೇಗೆ ಕರೆಯುವುದು?

ಶಾಲೆಯಿಂದ ಬಂದು ಅಂಗಳ ಗುಡಿಸುವುದು, ಒಂದೆರಡು ಕೊಡ ನೀರು ತರುವುದು ಬೇರೆ. ಶಾಲೆಯ ಹೊತ್ತಿನಲ್ಲಿಯೇ ಮಾಡಬೇಕಾದ ಕೆಲಸ ಬೇರೆ. ಆ ಎರಡನೆಯ ಬಗೆಯ ಕೆಲಸಗಳಲ್ಲಿ ಅತ್ಯಂತ ಭಾರವಾದದ್ದು ಕೂಸನ್ನು ನೋಡಿಕೊಳ್ಳುವುದು.

ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3 ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಆದರೆ ದಿನವಿಡೀ ಅವುಗಳನ್ನು ನೋಡಿಕೊಳ್ಳಲು ಜಾಗವಿಲ್ಲ. ತಾಯಿ ಬೆಳಿಗ್ಗೆ ಎಂಟಕ್ಕೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ಕೂಲಿಗೆ ಹೊರಟರೆ ಅವಳು ಮರಳುವುದು ಹೊತ್ತು ಮುಳುಗುವಾಗ. ಎರಡು ವರ್ಷದ ತಮ್ಮನೋ ತಂಗಿಯೋ ಉಳಿಯುವುದು ಎಂಟು ಹತ್ತು ವರ್ಷದ ಅಕ್ಕನ ಕಂಕುಳಲ್ಲಿ. ಕೆಲವು ಅಕ್ಕಂದಿರು ಕೂಸನ್ನು ಎತ್ತಿಕೊಂಡೇ ಶಾಲೆಗೆ ಬರುತ್ತಾರೆ. ಬಾಗಿಲ ಹತ್ತಿರ ಕೂರುತ್ತಾರೆ, ಏಕೆಂದರೆ ಕೂಸು ಅತ್ತರೆ ತಕ್ಷಣ ಹೊರಗೆ ಎದ್ದು ಹೋಗಬೇಕು. ಒಂದು ಕೈಯಲ್ಲಿ ಸ್ಲೇಟು, ಇನ್ನೊಂದು ಕೈ ಕೂಸಿನ ಬೆನ್ನಿನ ಮೇಲೆ. ಗಣಿತದ ಅವಧಿ ಅರ್ಧವಾಗುವಷ್ಟರಲ್ಲಿ ಕೂಸು ರಚ್ಚೆ ಹಿಡಿಯುತ್ತದೆ, ಅವಳು ಎದ್ದು ಹೋಗುತ್ತಾಳೆ, ಆ ದಿನ ಮತ್ತೆ ಒಳಗೆ ಬರುವುದಿಲ್ಲ. ಹಾಜರಿ ಮಾತ್ರ ಬೆಳಿಗ್ಗೆಯೇ ಬಿದ್ದಿರುತ್ತದೆ. ಕೂಸನ್ನು ಕರೆತರಬೇಡ ಎಂದು ಅವಳನ್ನು ಗದರಿಸುವ ಶಿಕ್ಷಕರಿಗೆ ನಮ್ಮ ಕಳಕಳಿಯ ವಿನಂತಿಯೊಂದಿದೆ. ಅವಳು ಕೂಸಿನೊಂದಿಗೆ ಬಂದದ್ದೇ ಓದುವ ಹಟದಿಂದ. ಆ ಹಟವನ್ನು ಮುರಿಯಬೇಡಿ.

ಇದಕ್ಕೆ ಮದ್ದು ಶಾಲೆಯೊಳಗಿಲ್ಲ, ಶಿಶುಪಾಲನಾ ಕೇಂದ್ರದಲ್ಲಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಯೋಜನೆಯನ್ನು ಹೆಣ್ಣುಮಕ್ಕಳ ಶಿಕ್ಷಣದ ಯೋಜನೆಯೆಂದು ಯಾರೂ ಕರೆಯುವುದಿಲ್ಲ, ಆದರೆ ಅದು ಖಂಡಿತವಾಗಿ ಅಂಥದ್ದೇ. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೇ, ಕೂಲಿಯ ಹೊತ್ತಿಗೆ ಸರಿಯಾಗಿ ನಡೆಯುತ್ತಿದೆಯೇ, ಖಾಸಗಿ ಹೊಲಗಳಿಗೆ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೂ ಜಾಗ ಮಾಡಿಕೊಡಲು ಸಾಧ್ಯವೇ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಒಂದು ಕೂಸಿಗೆ ನೆರಳು ಸಿಕ್ಕರೆ ಒಬ್ಬ ಅಕ್ಕ ಶಾಲೆಗೆ ಬರುತ್ತಾಳೆ.

ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಮಕ್ಕಳು ದುಡಿಯುವುದನ್ನು ಕಾನೂನು ಒಪ್ಪುತ್ತದೆಯೇ?

ಒಪ್ಪುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ದುಡಿಸುವುದು ಅಪರಾಧ. ಸ್ವಂತ ಕುಟುಂಬದ ಅಪಾಯಕಾರಿಯಲ್ಲದ ಕೆಲಸದಲ್ಲಿ, ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ನೆರವಾಗುವುದಕ್ಕೆ ವಿನಾಯಿತಿಯಿದೆ. ಈ ವಿನಾಯಿತಿಯೇ ಹುಡುಗಿಯರಿಗೆ ಮುಳುವಾಗಿದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹತ್ತಿ ಬಿಡಿಸುವ ಕೂಲಿಯನ್ನು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ತಾಯಿಯ ಮಡಿಲಿಗೆ ಮಗಳು ಬಿಡಿಸಿದ ಹತ್ತಿಯೂ ಸೇರಿ ಒಂದೇ ತೂಕವಾಗುತ್ತದೆ, ಕೂಲಿ ತಾಯಿಯ ಹೆಸರಿನಲ್ಲಿ ಬೀಳುತ್ತದೆ, ದುಡಿದ ಮಗು ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಹೊಲದ ಮಾಲೀಕರನ್ನು ಕೇಳಿದರೆ ‘ಅವರವ್ವನ ಕೂಡ ಬಂದೈತಿ’ ಎನ್ನುತ್ತಾರೆ. ಸಂಕರಣ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಹೂವನ್ನು ಒಂದೊಂದಾಗಿ ಕೈಯಿಂದ ಬಿಡಿಸಿ ಪರಾಗ ತಾಗಿಸುವ ಆ ಕೆಲಸಕ್ಕೆ ಚಿಕ್ಕ ಬೆರಳುಗಳು ಒಳ್ಳೆಯವೆಂಬ ನೆಪದಲ್ಲಿ ಹುಡುಗಿಯರನ್ನೇ ಹುಡುಕಿ ಕರೆಯುತ್ತಾರೆ. ಅದು ದಿನವೂ ಬೆಳಿಗ್ಗೆ ನಡೆಯಬೇಕಾದ ಕೆಲಸವಾದ್ದರಿಂದ ಶಾಲೆಯ ಹೊತ್ತಿಗೂ ಅದಕ್ಕೂ ಹೊಂದಾಣಿಕೆಯೇ ಸಾಧ್ಯವಿಲ್ಲ.

ಗುಳೆ ಹೋಗುವ ಕುಟುಂಬಗಳ ಹುಡುಗಿಯರ ಗತಿಯೇನು?

ಹಿಂಗಾರು ಕೈಕೊಟ್ಟರೆ, ಇಲ್ಲವೇ ಸುಗ್ಗಿ ಮುಗಿದ ಮೇಲೆ ಊರಿನಲ್ಲಿ ಕೂಲಿ ಸಿಗದಿದ್ದರೆ, ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿ ಮತ್ತು ತಾಂಡಾಗಳಿಂದ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಗೋವಾಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಬೀದರ್ ಕಡೆಯ ಕೆಲವರು ಕಬ್ಬು ಕಡಿಯುವ ಗ್ಯಾಂಗ್‌ಗಳಲ್ಲಿ ಸೇರುತ್ತಾರೆ. ಮೇಸ್ತ್ರಿಯಿಂದ ಮುಂಗಡ ಪಡೆದಿದ್ದರೆ ಹೊರಡುವ ದಿನವನ್ನು ಅವನೇ ನಿರ್ಧರಿಸುತ್ತಾನೆ, ಶಾಲೆಯ ಪರೀಕ್ಷೆ ಆ ಲೆಕ್ಕದಲ್ಲಿ ಬರುವುದಿಲ್ಲ.

ಗುಳೆಯ ಮನೆಯಲ್ಲಿ ಮಗ ಮತ್ತು ಮಗಳ ನಡುವೆ ನಡೆಯುವ ಆಯ್ಕೆಯನ್ನು ಗಮನಿಸಬೇಕು. ಹುಡುಗನನ್ನು ಊರಿನಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟು ಹೋಗುವ ಮನೆಗಳಲ್ಲಿಯೂ ಹುಡುಗಿಯನ್ನು ಕರೆದುಕೊಂಡು ಹೋಗುವುದುಂಟು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಡುಗೆ ಮಾಡಲು, ನೀರು ಹಿಡಿದಿಡಲು, ಕೂಸು ನೋಡಿಕೊಳ್ಳಲು ಅವಳು ಬೇಕು. ಇನ್ನು ವಯಸ್ಸಾದ ಅಜ್ಜಿಯ ಜೊತೆ ಹುಡುಗಿಯನ್ನು ಒಬ್ಬಳೇ ಬಿಟ್ಟರೆ ಅವಳ ರಕ್ಷಣೆ ಹೇಗೆ ಎಂಬ ಅಂಜಿಕೆಯೂ ಸೇರುತ್ತದೆ. ಆ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಅದಕ್ಕೆ ಉತ್ತರವಾಗಿ ನಂಬಿಕೆಗೆ ಅರ್ಹವಾದ ವಸತಿಯನ್ನು ತೋರಿಸಬೇಕಾದದ್ದು ನಮ್ಮ ಹೊಣೆ.

‘ಸಮಗ್ರ ಶಿಕ್ಷಣ’ ಎಂಬ ಸರ್ಕಾರಿ ಯೋಜನೆಯಡಿ ಗುಳೆಯ ತಿಂಗಳುಗಳಿಗಾಗಿ ಹಂಗಾಮಿ ವಸತಿ ನಿಲಯಗಳನ್ನು ನಡೆಸಲು, ವಲಸೆ ಹೋದ ಸ್ಥಳದಲ್ಲಿ ಟೆಂಟ್ ಶಾಲೆಗಳನ್ನು ತೆರೆಯಲು ಅವಕಾಶವಿದೆ. ಹಂಗಾಮಿ ನಿಲಯವು ಕುಟುಂಬಗಳು ಊರು ಬಿಟ್ಟ ಮೇಲೆ ತೆರೆದರೆ ಪ್ರಯೋಜನಕ್ಕೆ ಬಾರದು. ಮುಂಗಡದ ಮಾತುಕತೆ ನಡೆಯುವ ಹೊತ್ತಿಗೆ, ಅಂದರೆ ದಸರೆಗೆ ಮುಂಚೆಯೇ, ಯಾವ ಮನೆಯವರು ಹೊರಡುತ್ತಾರೆಂಬ ಪಟ್ಟಿ ಎಸ್‌ಡಿಎಂಸಿಯ ಕೈಯಲ್ಲಿರಬೇಕು, ಬೇಡಿಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ತಲುಪಿರಬೇಕು. ಊರಿನಲ್ಲಿ ಯಾರು ಯಾವಾಗ ಹೊರಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ; ಅದನ್ನು ಕಾಗದಕ್ಕೆ ಇಳಿಸುವವರು ಬೇಕು.

ಬೇರೆ ಊರಿಗೆ ಹೋದಲ್ಲಿ ಟಿ.ಸಿ. ಇಲ್ಲದೆ ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ?

ಸೇರಿಸಿಕೊಳ್ಳಲೇಬೇಕು. ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಪ್ರಕರಣದ ಪ್ರಕಾರ ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವರ್ಷದ ನಡುವೆ ಬಂದ ಮಗುವನ್ನೂ 15ನೆಯ ಪ್ರಕರಣ ರಕ್ಷಿಸುತ್ತದೆ. ಊರು ಬಿಡುವ ಮುನ್ನ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿರುವ ಗುರುತಿನ ಸಂಖ್ಯೆ) ಮುಖ್ಯ ಶಿಕ್ಷಕರಿಂದ ಬರೆಸಿಕೊಂಡು ಹೋದರೆ ರಾಜ್ಯದೊಳಗೆ ಯಾವ ಶಾಲೆಯಲ್ಲಾದರೂ ಕೆಲಸ ಸುಲಭವಾಗುತ್ತದೆ.

ಜನನ ಪ್ರಮಾಣಪತ್ರ, ಆಧಾರ್ ಎರಡೂ ಇಲ್ಲದಿದ್ದರೆ?

ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವುದನ್ನು ಕಾಯ್ದೆಯ 14ನೆಯ ಪ್ರಕರಣ ನಿಷೇಧಿಸಿದೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಹೇಳಿದೆ. ದಾಖಲೆಗಳನ್ನು ಆಮೇಲೆ ಮಾಡಿಸಬಹುದು. ಮಗು ಮೊದಲು ತರಗತಿಯಲ್ಲಿ ಕೂರಲಿ.

ಎಲ್ಲ ಶಾಲೆಗಳಲ್ಲಿಯೂ ಶೌಚಾಲಯ ಕಟ್ಟಿಸಿದ್ದಾರೆ. ಆದರೂ ದೊಡ್ಡ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಬರುವುದಿಲ್ಲ, ಏಕೆ?

ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿಯೇ ಇದೆ, ಮತ್ತು ಕಟ್ಟಡಗಳು ಬಹುಪಾಲು ಬಂದಿವೆ. ಆದರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ನೇತುಹಾಕಿದ್ದರೆ, ಹನ್ನೆರಡು ವರ್ಷದ ಹುಡುಗಿ ಗಂಡಸರ ಮುಂದೆ ನಿಂತು ಆ ಕೀಲಿಯನ್ನು ಕೇಳಬೇಕು. ಅವಳು ಕೇಳುವುದಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಾಳೆ, ಮುಟ್ಟಿನ ದಿನಗಳಲ್ಲಿ ಮನೆಯಲ್ಲಿಯೇ ಉಳಿಯುತ್ತಾಳೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಮೇಲೆ ಬೀಗವಿಲ್ಲದ ಶೌಚಾಲಯವೂ ಉಪಯೋಗಕ್ಕೆ ಬಾರದು. ಸ್ಯಾನಿಟರಿ ನ್ಯಾಪ್‌ಕಿನ್ ಕೊಡುವ ‘ಶುಚಿ’ ಯೋಜನೆ ನಡುವೆ ಕೆಲವು ವರ್ಷ ನಿಂತುಹೋಗಿದ್ದಾಗ ಅದರ ಹೊರೆ ಬಿದ್ದದ್ದು ಇದೇ ವಯಸ್ಸಿನ ಮಕ್ಕಳ ಮೇಲೆ. ನ್ಯಾಪ್‌ಕಿನ್ ಬಂದರೂ ಬಳಸಿದ್ದನ್ನು ಹಾಕಲು ಮುಚ್ಚಳವಿರುವ ಡಬ್ಬಿ ಇಲ್ಲದಿದ್ದರೆ ಹುಡುಗಿ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗಬೇಕಾಗುತ್ತದೆ. ಎಸ್‌ಡಿಎಂಸಿಯ ಮಹಿಳಾ ಸದಸ್ಯರು ವಾರಕ್ಕೊಮ್ಮೆ ಶಾಲೆಗೆ ಹೋಗಿ ಕೀಲಿ ಎಲ್ಲಿದೆ, ನೀರು ಬರುತ್ತಿದೆಯೇ, ಡಬ್ಬಿ ಇದೆಯೇ ಎಂದು ಮೂರೇ ಪ್ರಶ್ನೆ ಕೇಳಿದರೂ ಬಹಳಷ್ಟು ಬದಲಾಗುತ್ತದೆ.

‘ಶಕ್ತಿ’ ಯೋಜನೆಯಿಂದ ಬಸ್ಸು ಉಚಿತವಾದ ಮೇಲೆ ದೂರದ ಸಮಸ್ಯೆ ತೀರಿತಲ್ಲವೇ?

2023ರ ಜೂನ್ 11ರಂದು ಆರಂಭವಾದ ಆ ಯೋಜನೆಯಿಂದ ಟಿಕೆಟ್ಟಿನ ಖರ್ಚು ತಪ್ಪಿತು, ಅದು ಸಣ್ಣ ಸಂಗತಿಯಲ್ಲ. ಉಳಿದಿರುವುದು ಬಸ್ಸಿನ ವೇಳೆಯ ಪ್ರಶ್ನೆ. ಕಿರಿಯ ಪ್ರಾಥಮಿಕ ಶಾಲೆ 1 ಕಿ.ಮೀ. ಒಳಗೆ, ಹಿರಿಯ ಪ್ರಾಥಮಿಕ ಶಾಲೆ 3 ಕಿ.ಮೀ. ಒಳಗೆ ಇರಬೇಕೆಂಬುದು ನಿಯಮ. ತಾಂಡಾದಲ್ಲಿ ಐದನೆಯ ತರಗತಿ ಮುಗಿಸಿದ ಹುಡುಗಿ ಪಕ್ಕದ ದೊಡ್ಡ ಊರಿಗೆ ಹೋಗಬೇಕಾದಾಗ ದಾರಿಯಲ್ಲಿ ಮಳೆಗಾಲಕ್ಕೆ ತುಂಬುವ ಹಳ್ಳ, ಜೋಳ ಎತ್ತರಕ್ಕೆ ಬೆಳೆದು ಎರಡೂ ಬದಿ ಏನೂ ಕಾಣದ ಕಾಲುದಾರಿ, ಊರ ಬಾಗಿಲಲ್ಲೇ ಇರುವ ಸಾರಾಯಿ ಮಾರುವ ಮನೆ, ಚುಡಾಯಿಸುವ ಪಡ್ಡೆ ಹುಡುಗರು ಎದುರಾಗುತ್ತಾರೆ. ನಕ್ಷೆಯ ಮೇಲೆ 3 ಕಿ.ಮೀ. ಎಂದು ಅಳೆದವರಿಗೆ ಇವು ಕಾಣಿಸುವುದಿಲ್ಲ. ಐದಾರು ಹುಡುಗಿಯರು ಜೊತೆಗೂಡಿ ಹೋಗುವ ಊರುಗಳಲ್ಲಿ ಶಾಲೆ ಬಿಡುವವರು ಕಡಿಮೆ. ಗುಂಪಿನಲ್ಲಿ ಇಬ್ಬರು ಬಿಟ್ಟರೆ ಉಳಿದವರನ್ನೂ ಮನೆಯವರು ಬಿಡಿಸುತ್ತಾರೆ. ಆದ್ದರಿಂದ ಮೊದಲನೆಯವಳು ಬಿಟ್ಟಾಗಲೇ ಅವಳ ಮನೆಗೆ ಹೋಗುವುದು ಬಹಳ ಮುಖ್ಯ. ಬಸ್ಸಿನ ವೇಳೆಯನ್ನು ಶಾಲೆಯ ವೇಳೆಗೆ ಹೊಂದಿಸಿಕೊಡುವಂತೆ ಪಂಚಾಯಿತಿಯ ಠರಾವಿನೊಂದಿಗೆ ಸಾರಿಗೆ ನಿಗಮದ ಡಿಪೊಗೆ ಬರೆದುಕೊಟ್ಟರೆ, ಒಬ್ಬ ಪೋಷಕರು ಬಾಯಿಮಾತಿನಲ್ಲಿ ಕೇಳಿದ್ದಕ್ಕಿಂತ ಅದಕ್ಕೆ ಹೆಚ್ಚು ತೂಕವಿರುತ್ತದೆ.

ಬಿಸಿಯೂಟದಿಂದ ನಿಜಕ್ಕೂ ನೆರವಾಗಿದೆಯೇ?

ಬಹಳ ನೆರವಾಗಿದೆ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿದ ಮರುವರ್ಷ ಬಿಸಿಯೂಟದ ‘ಅಕ್ಷರ ದಾಸೋಹ’ ಯೋಜನೆ ಮೊದಲು ಆರಂಭವಾದದ್ದು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೇ. 2013ರಲ್ಲಿ ಹಾಲು ಬಂತು, 2021ರಲ್ಲಿ ಮೊಟ್ಟೆ ಬಂದಾಗಲೂ ಈ ಭಾಗದ ಜಿಲ್ಲೆಗಳಿಗೇ ಮೊದಲ ಸರದಿ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹುಡುಗಿಗೆ ಶಾಲೆಯ ಪಂಕ್ತಿಯಲ್ಲಿ ಅಣ್ಣನಷ್ಟೇ ಅನ್ನ, ಅಣ್ಣನಷ್ಟೇ ಸಾರು ಸಿಗುತ್ತದೆ. ಹಾಜರಿಯ ಮೇಲೆ ಇದರ ಪರಿಣಾಮ ನಿಶ್ಚಿತವಾಗಿಯೂ ಇದೆ, ಆದರೆ ಹತ್ತಿಯ ಸುಗ್ಗಿಯ ಕೂಲಿಯನ್ನು ಒಂದು ಹೊತ್ತಿನ ಊಟ ತುಂಬಿಕೊಡಲಾರದು.

ಶಾಲೆಯೊಳಗೆ ಹುಡುಗಿಯರಿಗೆ ಯಾವ ಅಡ್ಡಿಗಳಿವೆ?

ಮೊದಲನೆಯದು ಭಾಷೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಗಡಿಯ ಕಡೆ ತೆಲುಗು ಇಲ್ಲವೇ ಮರಾಠಿ, ಅನೇಕ ಮುಸ್ಲಿಂ ಮನೆಗಳಲ್ಲಿ ಉರ್ದು. ಹುಡುಗ ಬೀದಿ, ಅಂಗಡಿ, ಆಟದ ಬಯಲುಗಳಲ್ಲಿ ಕನ್ನಡವನ್ನು ಬೇಗ ಹಿಡಿಯುತ್ತಾನೆ. ಮನೆಯೊಳಗೇ ಹೆಚ್ಚು ಇರುವ ಹುಡುಗಿಗೆ ಒಂದನೆಯ ತರಗತಿಯ ಕನ್ನಡವೇ ಹೊಸದು. ಅವಳ ಭಾಷೆಯಲ್ಲಿ ಹತ್ತು ಮಾತು ಕಲಿತ ಶಿಕ್ಷಕಿಯ ತರಗತಿಯಲ್ಲಿ ಅವಳು ಬಾಯಿ ಬಿಡುತ್ತಾಳೆ. ಎರಡನೆಯದಾಗಿ, ಕೆಲವು ಶಾಲೆಗಳಲ್ಲಿ ಕಸ ಗುಡಿಸಲು, ನೀರು ತುಂಬಿಡಲು, ಶಿಕ್ಷಕರ ಚಹಾ ಲೋಟ ತೊಳೆಯಲು ಹುಡುಗಿಯರನ್ನೇ ಕರೆಯುತ್ತಾರೆ, ಅದರಲ್ಲಿಯೂ ದಲಿತ ಹುಡುಗಿಯರನ್ನು. ಮನೆಯ ಕೆಲಸದಿಂದ ತಪ್ಪಿಸಿಕೊಂಡು ಬಂದವಳಿಗೆ ಶಾಲೆಯಲ್ಲಿಯೂ ಪೊರಕೆಯೇ ಕೈಗೆ ಬಂದರೆ ಅವಳು ಏಕೆ ಬರಬೇಕು? ಹೊಡೆಯುವುದನ್ನೂ ಮನನೋಯಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ನಿಷೇಧಿಸಿದೆ. ಜಾತಿ ನೋಡಿ ಕೆಲಸ ಹಚ್ಚುವುದು ಇನ್ನೂ ದೊಡ್ಡ ಅಪರಾಧ. ಶಿಕ್ಷಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿಯುವುದು, ಒಬ್ಬರೇ ಮೂರು ತರಗತಿಗಳನ್ನು ನೋಡಿಕೊಳ್ಳುವುದು ಎಲ್ಲ ಮಕ್ಕಳಿಗೂ ಹೊಡೆತ, ಆದರೆ ನಡುನಡುವೆ ಗೈರಾಗಿ ಬರುವ ಹುಡುಗಿಗೆ ಬಿಟ್ಟುಹೋದ ಪಾಠವನ್ನು ಮತ್ತೆ ಹೇಳಿಕೊಡುವವರು ಆಗ ಯಾರೂ ಇರುವುದಿಲ್ಲ.

ಪ್ರಾಥಮಿಕ ಶಾಲೆಯ ಹಂತದಲ್ಲಿಯೇ ಮದುವೆಯ ಮಾತು ಬರುತ್ತದೆಯೇ?

ಮದುವೆ ಆಮೇಲೆ ನಡೆದರೂ ಮಾತು ಮೊದಲೇ ಬರುತ್ತದೆ. ಸೋದರಮಾವನ ಮನೆಗೆ ಕೊಡುವುದೆಂದು ನಿಶ್ಚಯವಾದ ಹುಡುಗಿಯ ಓದಿನ ಮೇಲೆ ಮನೆಯವರ ಗಮನ ತಾನಾಗಿಯೇ ಕಡಿಮೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ನಂತರ ರಾಜ್ಯವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ದೂರನ್ನು ಮಕ್ಕಳ ಸಹಾಯವಾಣಿ 1098ಕ್ಕೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ತಹಶೀಲ್ದಾರ್ ಅಥವಾ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಡಬಹುದು. 2006–07ರಲ್ಲಿ ಆರಂಭವಾದ, ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಹಣವಿಟ್ಟ ಭಾಗ್ಯಲಕ್ಷ್ಮಿ ಬಾಂಡ್ ಅನ್ನು ಅನೇಕ ಮನೆಗಳು ಜೋಪಾನವಾಗಿ ಇಟ್ಟುಕೊಂಡಿವೆ, ಮದುವೆಯನ್ನು ಮುಂದೂಡಲು ಅದು ಒಂದು ಕಾರಣವೂ ಆಗಿದೆ. ಆದರೆ 18ಕ್ಕೆ ಬರುವ ಹಣ ಹತ್ತನೆಯ ವರ್ಷದಲ್ಲಿ ಮನೆಗೆ ಬೇಕಾದ ಕೈಯ ಬದಲಿಗೆ ನಿಲ್ಲುವುದಿಲ್ಲ. ದೇವದಾಸಿ ಪದ್ಧತಿಯನ್ನು 1982ರಲ್ಲಿಯೇ ಕಾಯ್ದೆಯ ಮೂಲಕ ನಿಷೇಧಿಸಲಾಯಿತು. ಆದರೂ ಆ ಪದ್ಧತಿಗೆ ಸಿಲುಕಿದ ತಾಯಂದಿರ ಹೆಣ್ಣುಮಕ್ಕಳು ಶಾಲೆಯಲ್ಲಿ ತಂದೆಯ ಹೆಸರಿನ ಪ್ರಶ್ನೆಗೆ ಇಂದಿಗೂ ತಲೆ ತಗ್ಗಿಸುವಂತಾಗುತ್ತದೆ; ತಾಯಿಯ ಹೆಸರನ್ನು ಬರೆದುಕೊಂಡು ಮುಂದಿನ ಮಾತಿಗೆ ಹೋಗುವಷ್ಟು ಸೂಕ್ಷ್ಮತೆಯನ್ನು ಪ್ರತಿ ಶಿಕ್ಷಕರೂ ತೋರಬೇಕು.

ಕೋವಿಡ್ ಕಾಲದಲ್ಲಿ ಶಾಲೆ ಬಿಟ್ಟವರು ಮರಳಿದರೇ?

ಹೆಚ್ಚಿನವರು ಮರಳಿದರು. ಆದರೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು 6ರಿಂದ 8ನೆಯ ತರಗತಿಗಳಿಗೆ (2021ರ ಆರಂಭದ ಕೆಲವು ವಾರಗಳನ್ನು ಬಿಟ್ಟರೆ) 2021ರ ಸೆಪ್ಟೆಂಬರ್‌ನಲ್ಲಿ, 1ರಿಂದ 5ನೆಯ ತರಗತಿಗಳಿಗೆ 2021ರ ಅಕ್ಟೋಬರ್ 25ರಂದು ತೆರೆದವು. ಆ ಹತ್ತೊಂಬತ್ತು ತಿಂಗಳಲ್ಲಿ ಮನೆಯಲ್ಲಿದ್ದ ಒಂದೇ ಮೊಬೈಲ್ ಅಣ್ಣನ ಕೈಯಲ್ಲಿತ್ತು, ಮನೆಗೆಲಸ ತಂಗಿಯ ಕೈಯಲ್ಲಿತ್ತು. ಆಗ ಒಂದು, ಎರಡನೆಯ ತರಗತಿಯಲ್ಲಿದ್ದ ಹುಡುಗಿಯರು ಅಕ್ಷರ ಕೂಡಿಸಿ ಓದುವುದನ್ನು ಕಲಿಯಬೇಕಾದ ವರ್ಷಗಳನ್ನೇ ಕಳೆದುಕೊಂಡರು.

ಹುಡುಗಿ ಸತತವಾಗಿ ಗೈರಾದರೆ ಯಾರು, ಯಾವಾಗ, ಏನು ಮಾಡಬೇಕು?

ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ನಂತರ ನಮ್ಮ ರಾಜ್ಯದಲ್ಲಿ ಸತತ 7 ದಿನ ಅನುಮತಿಯಿಲ್ಲದೆ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸಿ ಕ್ರಮ ಆರಂಭಿಸುವ ನಿಯಮ ಬಂತು; ಅದಕ್ಕೆ ಮುಂಚೆ ಈ ಅವಧಿ 60 ದಿನಗಳಷ್ಟಿತ್ತು. ನಮ್ಮ ಸಲಹೆ ಏಳು ದಿನವೂ ಕಾಯಬಾರದೆಂಬುದು. ಮೂರನೆಯ ದಿನವೇ ಒಬ್ಬ ಶಿಕ್ಷಕಿ, ಒಬ್ಬ ಎಸ್‌ಡಿಎಂಸಿ ತಾಯಿ ಸಂಜೆ, ಹುಡುಗಿಯ ತಾಯಿ ಕೂಲಿಯಿಂದ ಬಂದ ಮೇಲೆ, ಮನೆಗೆ ಹೋಗಬೇಕು. ಹಗಲಿನಲ್ಲಿ ಹೋದರೆ ಬಾಗಿಲಲ್ಲಿ ಸಿಗುವುದು ಕೂಸನ್ನು ಎತ್ತಿಕೊಂಡ ಆ ಹುಡುಗಿಯೊಬ್ಬಳೇ. ದಂಡ, ಪೊಲೀಸ್, ರೇಷನ್ ಕಾರ್ಡ್ ರದ್ದು ಎಂಬ ಬೆದರಿಕೆಯ ಮಾತುಗಳನ್ನು ಖಂಡಿತ ಆಡಬಾರದು, ಏಕೆಂದರೆ ಬೆದರಿದ ಮನೆಯವರು ಮುಂದಿನ ಸಲ ಮಗಳನ್ನು ಅಡಗಿಸುತ್ತಾರೆ. ‘ಯಾಕ ಬಂದಿಲ್ಲವ್ವ’ ಎಂದು ಕೇಳಿ, ಉತ್ತರ ಕೂಸಾದರೆ ಅಂಗನವಾಡಿ ಕಾರ್ಯಕರ್ತೆಯನ್ನು, ಕೂಲಿಯಾದರೆ ಉದ್ಯೋಗ ಖಾತರಿಯ ಕೆಲಸಕ್ಕಾಗಿ ಪಿಡಿಒ ಅವರನ್ನು, ಗುಳೆಯಾದರೆ ಸಮೂಹ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕೂಡಲೇ ಸಂಪರ್ಕಿಸಬೇಕು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದು ಹೇಳಲು ಅವಕಾಶ ಕೊಟ್ಟರೆ ದೊಡ್ಡವರ ಪಟ್ಟಿಯಲ್ಲಿಲ್ಲದ ಕಾರಣಗಳೂ ಹೊರಬರುತ್ತವೆ.

ನಮ್ಮ ಹುಡುಗಿಗೆ 12 ವರ್ಷ, ಮೂರನೆಯ ತರಗತಿಯಲ್ಲಿ ಬಿಟ್ಟವಳು. ಈಗ ಸೇರಿಸಿದರೆ ಮತ್ತೆ ಚಿಕ್ಕ ಮಕ್ಕಳ ಜೊತೆ ಕೂರಬೇಕೇ?

ಕೂರಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಪ್ರಕರಣದ ಪ್ರಕಾರ ಅವಳನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಮತ್ತು ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಹದಿನಾಲ್ಕು ವರ್ಷ ತುಂಬಿದ ಮೇಲೂ ಎಂಟನೆಯ ತರಗತಿ ಮುಗಿಯುವವರೆಗೆ ಅವಳ ಶಿಕ್ಷಣ ಉಚಿತವಾಗಿಯೇ ಮುಂದುವರಿಯುತ್ತದೆ. ಮನೆಯಿಂದ ದಿನವೂ ಬಂದುಹೋಗುವುದು ಕಷ್ಟವೆನಿಸಿದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಕೇಳಿ ನೋಡಿ. 2004ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ವಸತಿ ಶಾಲೆಗಳಲ್ಲಿ ಆರನೆಯ ತರಗತಿಯಿಂದ ಪ್ರವೇಶವಿದೆ. ಶೇ 75ರಷ್ಟು ಸ್ಥಾನಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಹುಡುಗಿಯರಿಗೆ, ಉಳಿದವು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ. ಊಟ, ವಸತಿ, ಪುಸ್ತಕಗಳಿಗೆ ಹಣ ಕೊಡಬೇಕಿಲ್ಲ. ಶಾಲೆ ಬಿಟ್ಟ ಹುಡುಗಿಯರಿಗೆ ಅಲ್ಲಿ ಆದ್ಯತೆಯಿರುವುದರಿಂದ, ಅವಳು ಎಷ್ಟು ಕಾಲ ಶಾಲೆಯಿಂದ ಹೊರಗಿದ್ದಳೆಂದು ಊರ ಶಾಲೆಯ ಮುಖ್ಯ ಶಿಕ್ಷಕರಿಂದ ಒಂದು ಪತ್ರ ಬರೆಸಿಕೊಂಡು ಹೋಗುವುದು ಒಳ್ಳೆಯದು. ಪ್ರವೇಶದ ವಿವರ ಬಿಇಒ ಕಚೇರಿಯಲ್ಲಿ ಸಿಗುತ್ತದೆ. ನಿಲಯದ ವಾರ್ಡನ್ ಅವರನ್ನು ಭೇಟಿಯಾಗಲು, ಮಲಗುವ ಕೋಣೆ ಮತ್ತು ಅಡುಗೆಮನೆಯನ್ನು ಕಣ್ಣಾರೆ ನೋಡಲು ತಾಯಿಯನ್ನೂ ಹುಡುಗಿಯನ್ನೂ ಜೊತೆಯಲ್ಲಿಯೇ ಕರೆದುಕೊಂಡು ಹೋಗಿ.